ಲೆಕ್ಕ ಮೊದಲು, ಕೊಟೇಶನ್ ಆಮೇಲೆ

ತಮ್ಮಾ, ಕೆಮಿಸ್ಟ್ರಿ ಓದಿ ಸೇಲ್ಸ್‌ಗೆ ಬಂದಿದ್ದೀಯ. ಲ್ಯಾಬುಗಳಿಗೆ ಗ್ಯಾಸ್ ಜನರೇಟರ್ ಮಾರುವ ಕೆಲಸ ನಿನ್ನದು. ಗಾಳಿಯಿಂದ ನೈಟ್ರೋಜನ್ ಬೇರ್ಪಡಿಸಿ ಕೊಡುವುದು ಒಂದು ಬಗೆ, ನೀರನ್ನು ಒಡೆದು ಹೈಡ್ರೋಜನ್ ಕೊಡುವುದು ಇನ್ನೊಂದು. ಎರಡರ ಬಗ್ಗೆಯೂ ಕಂಪನಿಯವರು ತರಬೇತಿ ಕೊಟ್ಟು, ಬಣ್ಣದ ಬ್ರೋಷರ್ ಕೈಗಿಟ್ಟು ಕಳಿಸಿರುತ್ತಾರೆ. ಮೊದಲ ಭೇಟಿಯಲ್ಲಿ ಆ ಬ್ರೋಷರ್ ಬ್ಯಾಗಿನಲ್ಲೇ ಇರಲಿ. ಅಲ್ಲಿ ಯಾವ ಯಾವ ಮಶೀನಿದೆ, ನಿಮಿಷಕ್ಕೆ ಎಷ್ಟು ಗ್ಯಾಸ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಕೇಳಿ ಬರೆದುಕೋ. ಗಿರಾಕಿಯ ಎದುರಿಗೇ ಲೆಕ್ಕ ಹಾಕು. ಈ ವ್ಯಾಪಾರದಲ್ಲಿ ನಿನ್ನನ್ನು ಕಾಯುವುದು ಆ ಲೆಕ್ಕ ಒಂದೇ.

ಎಲ್‌ಸಿ-ಎಂಎಸ್ ಇರುವ ಲ್ಯಾಬನ್ನೇ ತಗೋ. ಔಷಧ ಕಂಪನಿಗಳಲ್ಲಿ, ಆಹಾರದಲ್ಲಿ ಕೀಟನಾಶಕದ ಅಂಶ ಹುಡುಕುವ ಟೆಸ್ಟಿಂಗ್ ಲ್ಯಾಬುಗಳಲ್ಲಿ ಈ ಮಶೀನು ಈಗ ಸಾಮಾನ್ಯ. ಅದು ನಿಮಿಷಕ್ಕೆ 20 ಲೀಟರ್ ನೈಟ್ರೋಜನ್ ಕುಡಿಯುತ್ತದೆ ಅಂತಿಟ್ಟುಕೋ. ಇನ್ನೂ ಹೆಚ್ಚು ಕುಡಿಯುವ ಮಾಡೆಲ್‌ಗಳೂ ಇವೆ. 47 ಲೀಟರ್ ನೀರು ಹಿಡಿಯುವ ದೊಡ್ಡ ಸಿಲಿಂಡರನ್ನು ಸುಮಾರು 150 ಬಾರ್ ಒತ್ತಡಕ್ಕೆ ತುಂಬಿದರೆ ಅದರಲ್ಲಿ ಹೆಚ್ಚುಕಡಿಮೆ 7000 ಲೀಟರ್ ಗ್ಯಾಸ್ ಇರುತ್ತದೆ. ಭಾಗಿಸಿ ನೋಡು, 350 ನಿಮಿಷ. ಆರು ಗಂಟೆಯೂ ಬರುವುದಿಲ್ಲ. ಸಂಜೆ ಸ್ಯಾಂಪಲ್ ಹಾಕಿ ಮನೆಗೆ ಹೋದರೆ ನಡುರಾತ್ರಿಗೆ ಗ್ಯಾಸ್ ಮುಗಿದು ರನ್ ನಿಂತಿರುತ್ತದೆ. ಅಲ್ಲಿ ನೀನು ಹೆಚ್ಚು ಮಾತಾಡಬೇಕಾಗಿಯೇ ಇಲ್ಲ, ಲೆಕ್ಕವೇ ಮಾತಾಡುತ್ತದೆ.

ಈಗ ಒಂದೇ ಒಂದು ಜಿಸಿ, ಅಂದರೆ ಗ್ಯಾಸ್ ಕ್ರೊಮಟೋಗ್ರಾಫ್, ಇರುವ ಕಾಲೇಜಿನ ಲ್ಯಾಬಿಗೆ ಬಾ. ಅದರ ಎಫ್‌ಐಡಿ ಡಿಟೆಕ್ಟರಿನ ಜ್ವಾಲೆಗೆ ನಿಮಿಷಕ್ಕೆ 40 ಮಿಲಿಲೀಟರ್ ಹೈಡ್ರೋಜನ್ ಸಾಕು. ಹಗಲೂ ರಾತ್ರಿ ಓಡಿಸಿದರೂ ದಿನಕ್ಕೆ 58 ಲೀಟರ್ ದಾಟುವುದಿಲ್ಲ. ಅದೇ ದೊಡ್ಡ ಸಿಲಿಂಡರು ಅವರಿಗೆ ನಾಲ್ಕು ತಿಂಗಳು ಬರುತ್ತದೆ. ವಾರಕ್ಕೆ ಎರಡು ದಿನ ಪ್ರಾಕ್ಟಿಕಲ್ ಇದ್ದರೆ ವರ್ಷವೇ ಬಂದೀತು. ಅಂಥವರ ಮುಂದೆ ಕೂತು ‘ಸಿಲಿಂಡರ್ ಖರ್ಚು ಉಳಿಯುತ್ತದೆ ಮೇಡಂ’ ಅಂದರೆ ಅದು ಸುಳ್ಳು. ಅವರು ಇವತ್ತು ನಂಬಬಹುದು. ಆದರೆ ಎರಡು ವರ್ಷ ಕಳೆದು ಫಿಲ್ಟರು, ಸರ್ವಿಸು ಅಂತ ಬಿಲ್ಲು ಬಂದಾಗ ಲೆಕ್ಕ ಹಾಕುವವರು ಅವರೇ. ಕೆಮಿಸ್ಟ್ರಿ ಮೇಷ್ಟರುಗಳು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಿಯೇ ಮಶೀನು ತಗೊಳ್ಳುವುದು. ‘ನಿಮಗೆ ಸದ್ಯಕ್ಕೆ ಬೇಡ ಮೇಡಂ’ ಅಂತ ಹೇಳಿ ಎದ್ದು ಬಾ. ಎರಡನೇ ಜಿಸಿ ಕೊಂಡ ದಿನ ನಿನ್ನನ್ನೇ ಕರೆಯುತ್ತಾರೆ.

ಖರ್ಚಿನ ಲೆಕ್ಕ ಕೂಡದಿದ್ದರೂ ಸುರಕ್ಷತೆಯ ಕಾರಣ ಇರಬಹುದು. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡಾವರೆಗೆ ಎಷ್ಟು ಬೆರೆತರೂ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ. ಕೋಣೆಯ ಮೂಲೆಯಲ್ಲಿ 7000 ಲೀಟರ್ ತುಂಬಿದ ಕೆಂಪು ಸಿಲಿಂಡರ್ ನಿಂತಿರುವುದಕ್ಕೂ, ಬೇಕಾದಾಗ ಬೇಕಾದಷ್ಟೇ ತಯಾರಿಸಿ, ಒತ್ತಡ ಕುಸಿದರೆ ತಾನೇ ನಿಲ್ಲುವ ಜನರೇಟರಿಗೂ ಅಜಗಜಾಂತರ. ಸಿಲಿಂಡರನ್ನು ಸರಪಳಿ ಹಾಕದೆ ಗೋಡೆಗೆ ಒರಗಿಸಿದ್ದು ಕಂಡರೆ, ನಿನ್ನ ಮಾಲು ತಗೊಳ್ಳಲಿ ಬಿಡಲಿ, ಮೊದಲು ಸರಪಳಿ ಹಾಕಿಸು.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸಾನಿಕ್ ಲ್ಯಾಬಿನಲ್ಲಿ ಸ್ಫೋಟವಾಗಿ ಒಬ್ಬ ಯುವ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಹೈಡ್ರೋಜನ್ ಸಿಲಿಂಡರಿನ ಮೇಲೆ ಆಗ ಅನುಮಾನ ಬಿದ್ದಿತ್ತು. ಊರಿನ ಲ್ಯಾಬುಗಳಲ್ಲಿ ಇವತ್ತಿಗೂ ಆ ಮಾತು ಬರುತ್ತದೆ. ಬಂದರೆ ಗೌರವದಿಂದ ಕೇಳಿಸಿಕೋ. ಅದನ್ನು ಮುಂದಿಟ್ಟುಕೊಂಡು ಮಾಲು ಮಾರಬೇಡ. ಅಲ್ಲಿ ನಡೆಯುತ್ತಿದ್ದ ಪ್ರಯೋಗವೇ ಬೇರೆ, ನೀನು ಮಾರುವ ಪೆಟ್ಟಿಗೆ ಅದಕ್ಕೆ ಪರಿಹಾರವಲ್ಲ.

ಶುದ್ಧತೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಎಲ್‌ಸಿ-ಎಂಎಸ್‌ಗೆ ಪೊರೆಯಲ್ಲಿ ಸೋಸಿದ, 95ರಿಂದ 99 ಶೇಕಡಾ ಶುದ್ಧವಿರುವ ನೈಟ್ರೋಜನ್ ನಡೆಯುತ್ತದೆ. ಜಿಸಿಗೆ ಅದು ನಡೆಯುವುದಿಲ್ಲ, 99.999 ಬೇಕು. ಎರಡಕ್ಕೂ ಒಂದೇ ಜನರೇಟರ್ ಸಾಕು ಅಂತ ಗಿರಾಕಿ ಹೇಳಿದರೆ ತಲೆಯಾಡಿಸಬೇಡ. ಪೈಪನ್ನೂ ನೋಡು. ಜನರೇಟರಿನಿಂದ ಶುದ್ಧವಾಗಿ ಹೊರಟ ಗ್ಯಾಸ್ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹರಿದರೆ ದಾರಿಯಲ್ಲೇ ಕೆಡುತ್ತದೆ. ಒಳಗೆ ಒತ್ತಡ ಎಷ್ಟೇ ಇದ್ದರೂ ಹೊರಗಿನ ಆಕ್ಸಿಜನ್ ಟ್ಯೂಬಿನ ಗೋಡೆಯ ಮೂಲಕ ಸ್ವಲ್ಪಸ್ವಲ್ಪವೇ ಒಳಗಿಳಿಯುತ್ತದೆ. ಶುಚಿ ಮಾಡಿದ ತಾಮ್ರದ್ದೋ ಸ್ಟೀಲಿನದೋ ಟ್ಯೂಬು ಹಾಕಿಸು, ಅದರ ಖರ್ಚನ್ನು ಕೊಟೇಶನ್ನಿನಲ್ಲೇ ಸೇರಿಸು.

ಇನ್ನು ಜಾಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸುಮಾರು ಹತ್ತು ಶೇಕಡಾ ತೆಳು, ಕಂಪ್ರೆಸರ್ ಒಂದು ಸಲಕ್ಕೆ ಒಳಗೆಳೆಯುವ ಗಾಳಿಯೂ ಅಷ್ಟು ಕಡಿಮೆ. ಸಮುದ್ರಮಟ್ಟದಲ್ಲಿ ಅಳೆದು ಬರೆದ ಅಂಕಿ ನಂಬಿ ಮಾಡೆಲ್ ಆರಿಸಿದರೆ ಗ್ಯಾಸ್ ಸಾಲದೆ ಬಂದೀತು. ಮಂಗಳೂರಿಗೆ ಹೋದರೆ ತೇವದ ಕಾಟ, ಡ್ರೈನ್ ಸರಿಯಿಲ್ಲದಿದ್ದರೆ ಕಂಪ್ರೆಸರಿನಿಂದ ನೀರೇ ಬರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹೆಚ್ಚಿನ ಜನರೇಟರುಗಳನ್ನು ಮಾಡಿರುವುದು 35 ಡಿಗ್ರಿಯೊಳಗಿನ ಕೋಣೆಗೆ. ಎಲ್ಲಿ ಇಡುತ್ತಾರೆ ಅಂತ ಕಣ್ಣಾರೆ ನೋಡದೆ ಮಾಡೆಲ್ ಹೇಳಬೇಡ. ಹೆಕ್ಸೇನ್, ಅಸಿಟೋನ್ ಬಾಟಲಿಗಳಿರುವ ಕೋಣೆಯ ಗಾಳಿ ಎಳೆಯುವಂತೆ ಇಟ್ಟರೆ ಬೇಸ್‌ಲೈನ್ ಏರುತ್ತಲೇ ಇರುತ್ತದೆ, ಬೈಗುಳ ಬೀಳುವುದು ನಿನ್ನ ಮಶೀನಿಗೆ. ಯುಪಿಎಸ್ ವಿಷಯ ಕೇಳಲು ಮರೆಯಬೇಡ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟನ್ನು ಚಿಕ್ಕ ಯುಪಿಎಸ್ ತಾಳುವುದಿಲ್ಲ.

ಹೈಡ್ರೋಜನ್ ಜನರೇಟರಿಗೆ ನೀರೇ ಜೀವ. ಅದಕ್ಕೆ ಡಿಅಯಾನೈಸ್ಡ್ ನೀರು ಬೇಕು, ಕಂಡಕ್ಟಿವಿಟಿ 1 ಮೈಕ್ರೋಸೀಮೆನ್ಸ್ ದಾಟಬಾರದು. ಕುಡಿಯುವ ಕ್ಯಾನ್ ನೀರಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ, ಬೋರ್‌ವೆಲ್ ನೀರಿನ ಮಾತೇ ಬೇಡ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಎಲ್ಲ ಒಳಗಿನ ಪೊರೆಗೆ ಅಂಟಿಕೊಂಡು ನೀರನ್ನು ಒಡೆಯುವ ಸೆಲ್ ಸಾಯುತ್ತದೆ. ಇಡೀ ಮಶೀನಿನಲ್ಲಿ ದುಬಾರಿ ಭಾಗ ಅದೇ. ಸರ್ವಿಸ್‌ಗೆ ಹೋದಾಗ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡು. ನೀರು ನಿಲ್ಲುವ ಮಟ್ಟದಲ್ಲಿ ಬೆರಳಿಗೆ ಒರಟಾಗಿ ತಗಲುವ ಬಿಳಿ ಗೆರೆ ಇದ್ದರೆ ಯಾರೋ ಬೇರೆ ನೀರು ಸುರಿದಿದ್ದಾರೆ ಅಂತ ಅರ್ಥ.

ಸುರಿದವರನ್ನು ಬೈದು ಏನೂ ಪ್ರಯೋಜನವಿಲ್ಲ. ಡಾಕ್ಟರೇಟ್ ಪಡೆದ ಸರ್ ಟ್ಯಾಂಕಿಗೆ ನೀರು ಹಾಕುವುದಿಲ್ಲ, ಲ್ಯಾಬಿನ ಅಟೆಂಡರ್ ಹಾಕುತ್ತಾರೆ. ನೀನು ಟ್ರೇನಿಂಗ್ ಕೊಡುವುದು ಸರ್‌ಗೆ, ಅದೂ ಇಂಗ್ಲಿಷಿನಲ್ಲಿ. ಕೂರಿಸಿದ ದಿನ ಅಟೆಂಡರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಕನ್ನಡದಲ್ಲಿ ಹೇಳು, ಅವರ ಕೈಯಲ್ಲೇ ಒಂದು ಸಲ ನೀರು ಹಾಕಿಸು. ‘ಡಿಅಯಾನೈಸ್ಡ್ ನೀರು ಮಾತ್ರ. ಕ್ಯಾನ್ ನೀರು, ನಲ್ಲಿ ನೀರು ಹಾಕಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸು. ಅವರ ಹೆಸರು ಕೇಳಿ ನೆನಪಿಟ್ಟುಕೋ. ರಾತ್ರಿ ಸಿಲಿಂಡರ್ ಉರುಳಿಸಿಕೊಂಡು ಬಂದು ಸ್ಪ್ಯಾನರ್ ಹಿಡಿಯುತ್ತಿದ್ದವರು ಅವರು. ನಿನ್ನ ಪೆಟ್ಟಿಗೆಯಿಂದ ನಿಜವಾಗಿ ಸುಖ ಸಿಗುವುದು ಅವರ ಬೆನ್ನಿಗೆ.

ಹೀಲಿಯಂ ಬಗ್ಗೆ ಕೇಳದ ಗಿರಾಕಿಯಿಲ್ಲ. 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಜಾನ್ಸೆನ್ ನಮ್ಮ ಪಕ್ಕದ ಗುಂಟೂರಿನಲ್ಲಿ ನಿಂತು ಸೂರ್ಯನ ಬೆಳಕಿನಲ್ಲಿ ಅದರ ಹಳದಿ ಗೆರೆ ಕಂಡರು. ಆ ಗ್ಯಾಸನ್ನು ನಾವು ಇವತ್ತಿಗೂ ಹೊರದೇಶಗಳಿಂದ ತರಿಸುತ್ತೇವೆ. ಅದು ಸಿಗುವುದು ನೆಲದಡಿಯ ನೈಸರ್ಗಿಕ ಅನಿಲದ ಜೊತೆ, ಯಾವ ಜನರೇಟರೂ ತಯಾರಿಸಲಾರದು. 2017ರಲ್ಲಿ ನೆರೆಯ ದೇಶಗಳು ಕತಾರ್ ಮೇಲೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ಕೆಲಕಾಲ ನಿಂತೇ ಹೋಗಿದ್ದವು. ‘ಜಿಸಿಗೆ ಹೀಲಿಯಂ ಬದಲು ಹೈಡ್ರೋಜನ್ ಹಾಕಬಹುದಾ’ ಅಂತ ಕೇಳಿದರೆ ಬಹಳ ಕಡೆ ಹಾಕಬಹುದು, ರನ್ ಬೇಗ ಮುಗಿಯುತ್ತದೆ ಕೂಡ. ಆದರೆ ಮೆಥಡ್ ಮತ್ತೆ ವ್ಯಾಲಿಡೇಟ್ ಮಾಡಬೇಕು, ಅವನ್ ಒಳಗೆ ಲೀಕ್ ಹಿಡಿಯುವ ಸೆನ್ಸರ್ ಬೇಕು. ಡೈಕ್ಲೋರೋಮೀಥೇನ್ ಬಳಸುವವರಿಗೆ ಬಿಸಿ ಇನ್ಲೆಟ್ಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುವ ಅಪಾಯ ಇದೆ. ಇಷ್ಟನ್ನೂ ಆರ್ಡರ್ ಬರುವ ಮೊದಲೇ ಹೇಳು.

ಸರ್ಕಾರಿ ಖರೀದಿಯಲ್ಲಿ ಜೆಮ್ ಪೋರ್ಟಲ್, ಟೆಂಡರ್, ಎಲ್-1 ಎಲ್ಲ ನಿನಗೆ ಬೇಗ ರೂಢಿಯಾಗುತ್ತದೆ. ಮಾರ್ಚ್ ಬಂತೆಂದರೆ ಬಜೆಟ್ ಮುಗಿಸುವ ಅವಸರ. ಆ ಅವಸರದಲ್ಲಿ ಬೇಕಾದ್ದಕ್ಕಿಂತ ದೊಡ್ಡ ಮಶೀನು ತುರುಕಬೇಡ. ಬೆಲೆಯ ಜೊತೆಗೆ ಐದು ವರ್ಷದ ಎಎಂಸಿ, ಫಿಲ್ಟರು, ಕಂಪ್ರೆಸರ್ ದುರಸ್ತಿ ಇವುಗಳ ಖರ್ಚನ್ನೂ ಬರೆದುಕೊಡು. ಮಶೀನಿಗೆ ದುಡ್ಡು ಕೊಡುವ ಇಲಾಖೆ ಫಿಲ್ಟರಿಗೆ ಕೊಡುವುದಿಲ್ಲ. ಆಮೇಲೆ ಒಳ್ಳೆಯ ಜನರೇಟರ್ ಧೂಳು ತಿನ್ನುತ್ತಾ ಮೂಲೆಯಲ್ಲಿ ಬಿದ್ದಿರುತ್ತದೆ, ಪಕ್ಕದಲ್ಲಿ ಮತ್ತೆ ಸಿಲಿಂಡರ್ ಬಂದು ನಿಂತಿರುತ್ತದೆ.

ಕೊನೆಗೊಂದು ಮಾತು, ಇದನ್ನು ನಿನ್ನ ಮ್ಯಾನೇಜರ್ ಹೇಳಿಕೊಡಲಾರರು. ಸಿಲಿಂಡರ್ ಕೆಟ್ಟರೆ ಇನ್ನೊಂದು ತರಿಸಬಹುದು, ಜನರೇಟರ್ ಕೆಟ್ಟರೆ ಅದಕ್ಕೆ ಜೋಡಿಸಿದ ಮಶೀನುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಬಿಡಿಭಾಗ ಹಡಗಿನಲ್ಲಿ ಬರಬೇಕಾದರೆ ವಾರಗಟ್ಟಲೆ ಕಾಯಬೇಕು. ಆದ್ದರಿಂದ ಮಾರುವಾಗಲೇ ಗಿರಾಕಿಗೆ ಹೇಳು, ಬ್ಯಾಕಪ್ಪಿಗೆ ಒಂದೆರಡು ಸಿಲಿಂಡರ್ ಇಟ್ಟುಕೊಳ್ಳಿ, ಸಿಲಿಂಡರ್ ಸಪ್ಲೈ ಮಾಡುವವರ ನಂಬರ್ ಅಳಿಸಬೇಡಿ ಅಂತ.