ಬಲ್ಬ್ ಹಚ್ಚಿದರಷ್ಟೇ ಮಾತಾಡುವ ತಕ್ಕಡಿ

ಬೇಗಂ ಬಜಾರ್, ಹೈದರಾಬಾದ್

ಚಿ. ಮೊಮ್ಮಗಳಿಗೆ, ಮತ್ತು ಯಾವುದೋ ಪ್ರಯೋಗಾಲಯದಲ್ಲಿ ಸೀರಿಯಲ್ ಕೇಬಲ್ ಹಿಡಿದು ಕೂತಿರುವ ಅವಳ ಓರಗೆಯವರಿಗೆ,



ನಿನ್ನೆ ರಾತ್ರಿ ಫೋನಿನಲ್ಲಿ ಮುಕ್ಕಾಲು ಗಂಟೆ ನಿನ್ನ ಬೈಗುಳ ಕೇಳಿದೆ. ತಕ್ಕಡಿ ಕೆಟ್ಟಿದೆ, ಕೇಬಲ್ ಕೆಟ್ಟಿದೆ, ಲ್ಯಾಬ್‌ವ್ಯೂ ಕೆಟ್ಟಿದೆ, ಕೊನೆಗೆ ನಿನ್ನ ಹಣೆಬರಹವೂ ಕೆಟ್ಟಿದೆ ಅಂದೆ. ಫೋನ್ ಇಡುವ ಮುಂಚೆ ನಗುತ್ತಾ ಒಂದು ಮಾತು ಸೇರಿಸಿದೆ: "ಆ ಬಲ್ಬ್ ಬಟನ್ ಒತ್ತಿ ಓಡಿಸಿದ್ರ ತೂಕ ಛಲೋ ಬರ್ತದ ಮುತ್ಯಾ, ಆರಿಸಿದ್ರ ಖಾಲಿ." ಇಡೀ ಮುಕ್ಕಾಲು ಗಂಟೆಯಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ. ಅದನ್ನೇ ನೀನು ಕಟ್ಟಕಡೆಗೆ, ಚೇಷ್ಟೆಯ ಹಾಗೆ ಹೇಳಿದೆ. ನಲವತ್ತು ವರ್ಷ ಉಪಕರಣ ರಿಪೇರಿ ಮಾಡಿದವನಾಗಿ ಹೇಳುತ್ತೇನೆ, ಯಂತ್ರ ಕೆಟ್ಟಿದೆ ಅಂತ ಕರೆದವರೆಲ್ಲ ಹೀಗೇ. ರೋಗದ ಹೆಸರು ಮೊದಲು ಹೇಳುತ್ತಾರೆ, ಲಕ್ಷಣ ಹೇಳುವುದು ನಾವು ಬಾಗಿಲು ದಾಟುವಾಗ.

ಲ್ಯಾಬ್‌ವ್ಯೂ ಪರದೆಯ ಆ ಬಲ್ಬ್ ಮಾಡುವುದಿಷ್ಟೇ. ಡಬ್ಬಿ ಜೋಡಿಸಿ ನೀನು ಬಿಡಿಸಿದ ಪ್ರೋಗ್ರಾಂ ಚಿತ್ರದಲ್ಲಿ ಡೇಟಾ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹರಿಯುವುದು ನಿನ್ನ ಕಣ್ಣಿಗೆ ಕಾಣಲಿ ಅಂತ ಎಲ್ಲವನ್ನೂ ನಿಧಾನ ಮಾಡುತ್ತದೆ. ನಿಧಾನಕ್ಕೆ ನಡೆದಾಗ ಸರಿ, ಜೋರಾಗಿ ಓಡಿದಾಗ ತಪ್ಪು ಅಂದಮೇಲೆ ವೈರ್ ಸರಿ, ಪಿನ್ ಸರಿ, ಬಾಡ್ ರೇಟ್ ಸರಿ. ತಪ್ಪಿರುವುದು ಹೊತ್ತು. ನೀನು ಹೊಸ ಕೇಬಲ್ ಕೊಂಡದ್ದು ದಂಡ.

ಲೆಕ್ಕ ಹಾಕು. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್ ಬಿಟ್, ಎಂಟು ಡೇಟಾ ಬಿಟ್, ಸ್ಟಾಪ್ ಬಿಟ್ ಸೇರಿ ಹತ್ತು ಬಿಟ್. ಸೆಕೆಂಡಿಗೆ 960 ಅಕ್ಷರ, ಅಂದರೆ ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ನಿನ್ನ ತಕ್ಕಡಿಯ ಉತ್ತರ ಸಾಲಿನ ಕೊನೆಯ ಗುರುತುಗಳೂ ಸೇರಿ 18 ಅಕ್ಷರ. ತಕ್ಕಡಿ ಒಂದು ಕ್ಷಣವೂ ಯೋಚಿಸದೆ ಬಾಯಿ ತೆರೆದರೂ ಉತ್ತರ ಪೂರ್ತಿಯಾಗಲು ಸುಮಾರು 19 ಮಿಲಿಸೆಕೆಂಡ್ ಬೇಕು. ನಿನ್ನ ಪ್ರೋಗ್ರಾಂ ಪ್ರಶ್ನೆ ಬರೆದ ಮರುಗಳಿಗೆಯಲ್ಲೇ "ಬೈಟ್ಸ್ ಅಟ್ ಪೋರ್ಟ್" ಅಂತ, ಅಂದರೆ ಎಷ್ಟು ಅಕ್ಷರ ಬಂದಿವೆ ಅಂತ, ಕೇಳುತ್ತದೆ, ಸೊನ್ನೆ ಅಂತ ಉತ್ತರ ಬರುತ್ತದೆ, ಸೊನ್ನೆ ಅಕ್ಷರ ಓದಿ ತೃಪ್ತಿಯಿಂದ ಮುಗಿಸುತ್ತದೆ. ದೋಷವೇ ಆಗಿಲ್ಲವಾದ್ದರಿಂದ ಎರರ್ ಕೂಡ ಬರುವುದಿಲ್ಲ.

ಇದಕ್ಕೆ ನಿನ್ನ ಗೆಳತಿ ಕೊಟ್ಟ ಮದ್ದು, ನಡುವೆ ಅರ್ಧ ಸೆಕೆಂಡ್ ಕಾಯುವ ಡಬ್ಬಿ ಇಡುವುದು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಮನೆಯ ಕೆಳಗಿನ ಮೆಣಸಿನಕಾಯಿ ಅಂಗಡಿ ನಿನಗೆ ಗೊತ್ತಲ್ಲ. ಹಮಾಲ ಮೂಟೆ ಇಡುತ್ತಾನೆ, ತೂಗುವವನು ಕೂಗುತ್ತಾನೆ: "ಉಂಚಾಸ್ ಕಿಲೋ... ಆಠ್ ಸೌ!" ಮುನೀಮ ಪೂರ್ತಿ ಕೇಳಿ, ತಾನೂ ಒಮ್ಮೆ ಹೇಳಿ, ಆಮೇಲೆ ಬರೆಯುತ್ತಾನೆ. "ಉಂಚಾಸ್" ಅಂದೊಡನೆ ಬರೆದಿದ್ದರೆ ಮೂಟೆಗೆ 800 ಗ್ರಾಂ ಮೆಣಸಿನಕಾಯಿ ಹೋಯಿತು. ಅವನೇನು ಗಡಿಯಾರ ನೋಡಿ ಕಾಯುತ್ತಾನೆಯೇ? ಮಾತು ಮುಗಿಯಿತೆಂದು ದನಿಯಿಂದಲೇ ತಿಳಿಯುತ್ತಾನೆ. ಅರ್ಧ ಸೆಕೆಂಡ್ ಡಬ್ಬಿ ಇವತ್ತು ಸಾಕಾಗುತ್ತದೆ. ತಕ್ಕಡಿ ತಡವರಿಸಿದ ದಿನ ನಿನಗೆ ಬರೀ "ಉಂಚಾಸ್" ಸಿಗುತ್ತದೆ, ಉಳಿದ "ಆಠ್ ಸೌ" ಮುಂದಿನ ಓದಿಗೆ ಅಂಟಿಕೊಂಡು ಬರುತ್ತದೆ. ಆಗಿನ ಗೋಳು ಇವತ್ತಿನದಕ್ಕಿಂತ ದೊಡ್ಡದು.

ನಿನ್ನ ತಕ್ಕಡಿಯ ದನಿ ಮುಗಿಯುವ ಗುರುತು ಲೈನ್ ಫೀಡ್, ಅಂಕಿಯಲ್ಲಿ 10. ಟೆಲಿಪ್ರಿಂಟರ್ ಕಾಲದಿಂದ ಬಂದ ಸಂಗತಿ ಅದು: ಅಚ್ಚೊತ್ತುವ ಗಾಡಿಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದ ಮೇಲೆ ಸರಿಸಲು ಇನ್ನೊಂದು. ಲ್ಯಾಬ್‌ವ್ಯೂನ ವೀಸಾ ಕಾನ್ಫಿಗರ್ ಡಬ್ಬಿ (ಪರದೇಶದ ವೀಸಾ ಅಲ್ಲ, ನಿನ್ನ ಅಜ್ಜಿ ಗಾಬರಿಯಾಗಿದ್ದಳು) ತಾನಾಗಿಯೇ 10ನ್ನು ಮುಕ್ತಾಯದ ಅಕ್ಷರವೆಂದು ಹಿಡಿದಿರುತ್ತದೆ, ಹತ್ತು ಸೆಕೆಂಡ್ ಕಾಯಲೂ ತಯಾರಿರುತ್ತದೆ. ನೀನು ಬೈಟ್ಸ್ ಅಟ್ ಪೋರ್ಟ್ ಕಿತ್ತು ಹಾಕಿ, ಓದುವ ಡಬ್ಬಿಗೆ ನೂರು ಅಕ್ಷರ ಅಂತ ಕೊಡು. ನೂರು ಬರಬೇಕೆಂದಿಲ್ಲ, ಲೈನ್ ಫೀಡ್ ಸಿಕ್ಕ ಕೂಡಲೇ ಅದು ನಿಲ್ಲುತ್ತದೆ. ಮಾಡ್‌ಬಸ್ ಆರ್‌ಟಿಯು ಥರದ ಉಪಕರಣಕ್ಕೆ ಮಾತ್ರ ಈ ಉಪಾಯ ಬೇಡ. ಅಲ್ಲಿ 10 ಅನ್ನುವುದು ಡೇಟಾದ ನಡುವೆಯೂ ಬರಬಹುದು, ಎಣಿಸಿಯೇ ಓದಬೇಕು.

ಇಷ್ಟಾದ ಮೇಲೆ ನಿನಗೆ ಇನ್ನೊಂದು ತೊಡಕು ಎದುರಾಗುತ್ತದೆ, ಈಗಲೇ ಹೇಳಿಡುತ್ತೇನೆ. ನಿನ್ನದರಂಥ ಮೆಟ್ಲರ್ ಟೊಲೆಡೊ ತಕ್ಕಡಿಗಳ ಭಾಷೆಯಲ್ಲಿ ದೊಡ್ಡಕ್ಷರದ 'ಎಸ್' ಅಂದರೆ "ಸ್ಥಿರವಾದ ತೂಕ ಹೇಳು" ಅಂತ. ಸಣ್ಣಕ್ಷರ ಬರೆದರೆ 'ಇಎಸ್' ಅಂತ ಮುಖ ತಿರುಗಿಸುತ್ತದೆ. ನೀನು ತೂಗುತ್ತಿರುವುದು ಒಣಗುತ್ತಿರುವ ಒದ್ದೆ ಮಣ್ಣು, ಕ್ಷಣಕ್ಷಣಕ್ಕೂ ತೂಕ ಇಳಿಯುತ್ತಿರುವಾಗ ಸ್ಥಿರವಾಗುವುದು ಯಾವಾಗ? 'ಎಸ್‌ಐ' ಕಳಿಸು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ, ಅಲುಗಾಡುತ್ತಿದ್ದರೆ 'ಡಿ' ಅಂತ ಗುರುತು ಹಾಕಿ. ಗಾಳಿಗೂ ತೂಕ ಅಲುಗಾಡುತ್ತದೆ, ಫ್ಯಾನ್ ಆರಿಸು. ಒಂದು ಔಷಧ ಕಾರ್ಖಾನೆಯಲ್ಲಿ ಹಗಲು ಬಾರದ ತೂಕ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ನಾನು ಮೂರು ದಿನ ಕೇಬಲ್ ಬದಲಿಸಿದೆ, ಬೋರ್ಡ್ ಬಿಚ್ಚಿದೆ. ಡಿಸೆಂಬರ್ ತಿಂಗಳು, ರಾತ್ರಿಯವರು ಚಳಿಗೆ ಸೀಲಿಂಗ್ ಫ್ಯಾನ್ ಆರಿಸುತ್ತಿದ್ದರು, ಅಷ್ಟೇ. ಬಿಲ್ ಬರೆಯುವಾಗ ನನ್ನ ಮುಖ ನೋಡಬೇಕಿತ್ತು.

ನಿನ್ನ ಓರಗೆಯವರಲ್ಲಿ ಬಲ್ಬ್ ಹಚ್ಚಿದರೂ ಏನೂ ಬಾರದವರಿದ್ದಾರೆ, ಅವರಿಗೆ ನಾಲ್ಕು ಮಾತು. ಮೊದಲು ಲ್ಯಾಬ್‌ವ್ಯೂ ಮುಚ್ಚಿ, ಪುಟ್ಟಿ ಅಥವಾ ಟೆರಾ ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು ಉಪಕರಣದ ಜೊತೆ ನೇರ ಮಾತಾಡಿ. ಕಸದ ಅಕ್ಷರ ಬಂದರೆ ಸಂತೋಷಪಡಿ, ವೈರ್ ಬದುಕಿದೆ. ಬಾಡ್ ಅಥವಾ ಪ್ಯಾರಿಟಿ ಹೊಂದಿಲ್ಲ. ಪೂರ್ತಿ ಮೌನವಾದರೆ ಉಪಕರಣದ ಕಡೆ ಕೇಬಲ್ ಬಿಚ್ಚಿ 2 ಮತ್ತು 3ನೇ ಪಿನ್ ಜೋಡಿಸಿ ಟೈಪ್ ಮಾಡಿ. ನಿಮ್ಮದೇ ಅಕ್ಷರ ಮರಳಿ ಬಂದರೆ ಕಂಪ್ಯೂಟರ್, ಕೇಬಲ್ ಎರಡೂ ನಿರ್ದೋಷಿ. ಆಮೇಲೂ ಮೌನವೆಂದರೆ 2-3 ಅಡ್ಡ ಹಾಯುವ ಕೇಬಲ್ ಬೇಕೋ ನೇರದ್ದು ಬೇಕೋ ನೋಡಿ. ಲ್ಯಾಬ್‌ವ್ಯೂ ಒಳಗೆ ಬ್ಯಾಕ್‌ಸ್ಲ್ಯಾಶ್ ಎನ್ ಅಂತ ಬರೆಯುವ ಮುಂಚೆ ಆ ಪೆಟ್ಟಿಗೆಯನ್ನು ಬ್ಯಾಕ್‌ಸ್ಲ್ಯಾಶ್ ಕೋಡ್ ನೋಟಕ್ಕೆ ತಿರುಗಿಸಿ, ಇಲ್ಲದಿದ್ದರೆ ಆ ಎರಡು ಅಕ್ಷರಗಳೇ ಹೋಗುತ್ತವೆ. ಪುಟ್ಟಿ ಮುಚ್ಚಲು ಮರೆಯಬೇಡಿ. ಒಂದು ಪೋರ್ಟ್ ಏಕಕಾಲಕ್ಕೆ ಇಬ್ಬರಿಗೆ ಸಿಗುವುದಿಲ್ಲ. ಯುಎಸ್‌ಬಿ ಪರಿವರ್ತಕ ತೀರ ಅಗ್ಗದ್ದಾದರೆ ಅದರ ಚಿಪ್ ನಕಲಿ ಇರಬಹುದು. 2014ರ ಅಕ್ಟೋಬರ್‌ನಲ್ಲಿ ಎಫ್‌ಟಿಡಿಐ ಎಂಬ ಚಿಪ್ ತಯಾರಕರ ಹೊಸ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ, ಕಂಪ್ಯೂಟರ್ ಅವನ್ನು ಗುರುತಿಸದ ಹಾಗೆ ಮಾಡಿತ್ತು. ಕೊಂಡವರ ಕೋಪಕ್ಕೆ ಹೆದರಿ ಅದನ್ನು ಹಿಂದೆಗೆದುಕೊಂಡರು.

ಕೋಠಿಯ ಗುಜರಾತಿ ಗಲ್ಲಿಗೆ ಬೆಳಿಗ್ಗೆ ನಡೆದು ಹೋಗಿ ಒಂದು ಒಂಬತ್ತು ಪಿನ್ ಕನೆಕ್ಟರ್ ತಂದು, 2 ಮತ್ತು 3 ಬೆಸೆದಿದ್ದೇನೆ. ಕೈ ಈಗ ನಡುಗುತ್ತದೆ, ಬೆಸುಗೆ ಚೆಂದವಿಲ್ಲ, ಕರೆಂಟಿಗೆ ಅದೇನೂ ಗೊತ್ತಾಗುವುದಿಲ್ಲ. ಅದರ ಜೊತೆ ಅರ್ಧ ಕಿಲೋ ಬಾದಾಮಿ ಇಟ್ಟಿದ್ದೇನೆ, ಅಂಗಡಿಯವನ ಲೆಕ್ಕದ ಅರ್ಧ ಕಿಲೋ. ಪ್ರೋಗ್ರಾಂ ಸರಿಯಾದ ದಿನ ತೂಗಿ ಹೇಳು. ನಿನ್ನದು 220 ಗ್ರಾಂವರೆಗೆ ತೂಗುವ ತಕ್ಕಡಿ, ಪೊಟ್ಟಣ ಹಾಗೇ ಇಟ್ಟರೆ ಭಾರ ಹೆಚ್ಚಾಯಿತೆಂದು 'ಎಸ್ ಪ್ಲಸ್' ಅಂತ ಕೂಗುತ್ತದೆ, ಮೂರು ಪಾಲು ಮಾಡು. ಮತ್ತೆ, ಆ ತಟ್ಟೆಯ ಮೇಲೆ ಇಟ್ಟದ್ದನ್ನು ತಿನ್ನಬೇಡ. ತಿನ್ನಲಿಕ್ಕೆ ಬೇರೆ ಕಳಿಸುತ್ತೇನೆ.

ನಿನ್ನ
ಮುತ್ಯಾ