ಒಪ್ಪಿಗೆ ಪತ್ರವೂ ಸಂಶೋಧನೆಯ ವಿಷಯವೇ

ಪ್ರಶ್ನೆ: ನನ್ನ ಮಗಳು ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದಾಳೆ. ರೋಗಿಗಳ ಹಕ್ಕು, ವೈದ್ಯಕೀಯ ನೈತಿಕತೆ ಕುರಿತು ರಜೆಯಲ್ಲಿ ಸಂಶೋಧನೆ ಮಾಡುವ ಆಸೆ ಅವಳಿಗೆ. ಇದಕ್ಕೆ ಧನಸಹಾಯ ಸಿಗುತ್ತದೆಯೇ? ನಮ್ಮೂರಿನಲ್ಲೇ ಮಾಡಬಹುದೇ?
– ಓದುಗರೊಬ್ಬರು, ಸಿಂಗಟಗೆರೆ, ಕಡೂರು ತಾಲ್ಲೂಕು

ಉತ್ತರ: ಎರಡೂ ಸಾಧ್ಯ. ನೈತಿಕತೆಗೆಂದೇ ಮೀಸಲಾದ ಬೇಸಿಗೆ ಫೆಲೋಶಿಪ್ ಹುಡುಕುತ್ತ ಕಾಲ ಕಳೆಯುವುದು ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಆರಂಭಿಸಿದ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್, ಅಂದರೆ ಎಸ್‌ಟಿಎಸ್, ಅವಳಿಗೆ ಹೊಂದುತ್ತದೆ. ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ನಡೆಸುವ ಅಧ್ಯಯನ ಇದು. ಈಚಿನ ವರ್ಷಗಳಲ್ಲಿ ಇದಕ್ಕೆ 50,000 ರೂಪಾಯಿ ನಿಗದಿಯಾಗಿದೆ. ಹಣ ಕೈಸೇರುವುದು ವರದಿ ಅಂಗೀಕಾರವಾದ ಮೇಲೆ; ಓಡಾಟದ ಖರ್ಚಿಗೆ ಮೊದಲೇ ಏರ್ಪಾಡಿರಲಿ. ಆಯುರ್ವೇದ ಓದುವವರಿಗೆ ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಮಂಡಳಿ (ಸಿಸಿಆರ್‌ಎಎಸ್) 2022ರಲ್ಲಿ 'ಸ್ಪಾರ್ಕ್' ಎಂಬ ಇಂಥದೇ ಯೋಜನೆ ತಂದಿದೆ.

ಇನ್ನು ವಿಷಯದ ಆಯ್ಕೆ. ಲ್ಯಾಬ್ ಬೇಡದ, ಯಂತ್ರ ಬೇಡದ ಸಂಶೋಧನೆ ಇದು. ಸಿಂಗಟಗೆರೆಯ ರೈತರೊಬ್ಬರು ಆಪರೇಷನ್‌ಗೆಂದು ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗುತ್ತಾರೆ ಎನ್ನಿ. ಅಲ್ಲಿ ಸಹಿ ಹಾಕುವ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿತ್ತು? ಅದನ್ನು ಓದಿ ಹೇಳಿದವರು ಯಾರು? ಸಹಿ ಮಾಡಿದ್ದು ರೋಗಿಯೋ, ಮಗನೋ? ಅಪಾಯವೇನೆಂದು ಅವರಿಗೆ ನೆನಪಿದೆಯೇ? ಇಷ್ಟನ್ನೇ ಕ್ರಮವಾಗಿ ಕೇಳಿ ದಾಖಲಿಸಿದರೆ ಒಂದು ಒಳ್ಳೆಯ ಅಧ್ಯಯನವಾಗುತ್ತದೆ.

ಇದೇನು ಕಾಗದಪತ್ರದ ವಿಷಯ ಎಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಎಷ್ಟೋ ಹುಡುಗಿಯರ ಪರವಾಗಿ ಒಪ್ಪಿಗೆಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಆ ಅವಧಿಯಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರು ತೀರಿಕೊಂಡರು; ಅವರ ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೂ ತಂದೆ ತಾಯಿಯನ್ನು ಕೇಳದೆ ಪಡೆದ ಒಪ್ಪಿಗೆ ಸಂಸತ್ತಿನ ಸಮಿತಿಯ ತೀವ್ರ ಟೀಕೆಗೆ ಗುರಿಯಾಯಿತು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಗೆ ಒಳಗಾಗುವವರಿಗೆ ಓದು ಬಾರದಿದ್ದರೆ ಓದುಬರಹ ಬಲ್ಲ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಹೆಬ್ಬೆಟ್ಟಿನ ಗುರುತಿನ ಜೊತೆ ಅವರ ಸಹಿಯೂ ಬೇಕು.

ಇನ್ನೊಂದು ವಿಷಯವೂ ಉಂಟು. ಗುಣವಾಗುವ ಭರವಸೆಯಿಲ್ಲದ ರೋಗಿಗಳು ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ಜಾರಿಗೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದೆಂಬ ಸಂಗತಿ ಹಳ್ಳಿಯ ಹಿರಿಯರಿಗೆ ಎಷ್ಟರಮಟ್ಟಿಗೆ ತಿಳಿದಿದೆ? ಕೇಳಿ ನೋಡಬೇಕಾದ ಪ್ರಶ್ನೆ.

ಸ್ವಂತ ಊರು ಎಂಬುದು ಅನುಕೂಲವೂ ಹೌದು, ತೊಡಕೂ ಹೌದು. ಡಾಕ್ಟರ್ ಆಗಲಿರುವ ಊರ ಹುಡುಗಿ ಮನೆಗೆ ಬಂದರೆ ಬೇಡವೆನ್ನಲು ಜನರಿಗೆ ದಾಕ್ಷಿಣ್ಯ. ಹಾಗಾಗಿ ಉತ್ತರ ಕೊಡದಿದ್ದರೂ ಏನೂ ತೊಂದರೆಯಿಲ್ಲವೆಂದು ಮೊದಲೇ ಹೇಳಬೇಕು. ವರದಿಯಲ್ಲಿ ಹೆಸರು ಬಿಟ್ಟರಷ್ಟೇ ಸಾಲದು. 'ದೇವಸ್ಥಾನದ ಪಕ್ಕದ ಮನೆಯ ವಿಧವೆ' ಎಂದು ಬರೆದರೆ ಅದು ಯಾರೆಂದು ಇಡೀ ಊರಿಗೆ ತಿಳಿಯುತ್ತದೆ. ಬರೀ ಪ್ರಶ್ನಾವಳಿ ಹಿಡಿದು ಹೋದರೂ ಕಾಲೇಜಿನ ಎಥಿಕ್ಸ್ ಕಮಿಟಿಯ ಅನುಮತಿ ಕೈಯಲ್ಲಿರಬೇಕು. ಕಮಿಟಿ ದಿನವೂ ಸೇರುವುದಿಲ್ಲ. ಗೈಡ್ ಜೊತೆ ಮಾತಾಡುವ ಕೆಲಸ ರಜೆಗೆ ತಿಂಗಳುಗಳ ಮೊದಲೇ ಆಗಲಿ.

ಹೆಚ್ಚಿನ ಓದಿಗೆ ದೂರ ಹೋಗಬೇಕಿಲ್ಲ. ಐಸಿಎಂಆರ್‌ನ ಬಯೋಎಥಿಕ್ಸ್ ಘಟಕವಿರುವುದು ಬೆಂಗಳೂರಿನಲ್ಲೇ, ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದಲ್ಲಿ (ಎನ್‌ಸಿಡಿಐಆರ್). ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ನೈತಿಕತೆಯ ಅಧ್ಯಯನಕ್ಕೆಂದೇ ಕೇಂದ್ರವಿದೆ. 1993ರಿಂದ ಬರುತ್ತಿರುವ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್' ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಯೋಎಥಿಕ್ಸ್ ಬೇಸಿಗೆ ಶಾಲೆಗೆ ಹೊರದೇಶದವರೂ ಸೇರಬಹುದು, ಆದರೆ ಅದಕ್ಕೆ ಶುಲ್ಕವಿದೆ. ಮೊದಲ ಹೆಜ್ಜೆಗೆ ಎಸ್‌ಟಿಎಸ್ ಸಾಕು.

ಒಂದು ಮಾತು ಮಗಳಿಗೆ ಹೇಳಿ. ಐಸಿಎಂಆರ್‌ಗೆ ವರದಿ ಕಳಿಸಿದಲ್ಲಿಗೆ ಕೆಲಸ ಮುಗಿಯಬಾರದು. ಅಧ್ಯಯನದಲ್ಲಿ ಕಂಡದ್ದನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕಿಳಿಸಿ, ಉತ್ತರ ಕೊಟ್ಟವರಿಗೂ ಆಸ್ಪತ್ರೆಯವರಿಗೂ ತಲುಪಿಸಲಿ. ಸಮಯ ಕೊಟ್ಟು ಮಾತಾಡಿದ ಜನರಿಗೆ ಅದು ಸಲ್ಲಬೇಕಾದ ಋಣ.