ತಲೆಗೆ ಪೆಟ್ಟು ಬಿದ್ದಾಗ

ಬೈಕಿನಿಂದ ಬಿದ್ದವರು ಕೆಲವೊಮ್ಮೆ ಎದ್ದು ಕೂರುತ್ತಾರೆ. "ನನಗೇನೂ ಆಗಿಲ್ಲ" ಅಂತಾರೆ. ಹೊರಗೆ ಗಾಯ ಇಲ್ಲ. ನಾವೂ ಸುಮ್ಮನಾಗ್ತೀವಿ. ಆದರೆ ತಲೆಬುರುಡೆಯ ಒಳಗೆ ರಕ್ತ ಸೋರುತ್ತಿರಬಹುದು. ಬುರುಡೆ ಗಟ್ಟಿ ಮೂಳೆ. ಅದು ಹಿಗ್ಗುವುದಿಲ್ಲ. ರಕ್ತ ತುಂಬಿದಷ್ಟೂ ಮೆದುಳಿನ ಮೇಲೆ ಒತ್ತಡ ಬೀಳುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ಒಳಗೆ ಏನಾಗಿದೆ ಅಂತ ತಿಳಿಯುವುದು ಹೇಗೆ? ಅದಕ್ಕೇ ಸಿ.ಟಿ. ಸ್ಕ್ಯಾನ್ ಇದೆ. ಇದನ್ನು ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಆಕೆ ಒಬ್ಬ ಹೆಂಗಸು. 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂತು.

ಯಂತ್ರ ದೊಡ್ಡ ಬಳೆಯ ಹಾಗೆ ಇರುತ್ತೆ. ಗಾಯಾಳು ಮಲಗಿದ ಮೇಜು ಬಳೆಯೊಳಗೆ ಜಾರುತ್ತೆ. ಸುತ್ತಲಿಂದ ಎಕ್ಸ್‌ರೇ ಹಾಯುತ್ತೆ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಒಳಗಿನ ಬೀಜ ಕಾಣುತ್ತಲ್ಲವೇ? ಹಾಗೆಯೇ ತಲೆಯ ಒಳಭಾಗ ಬಿಲ್ಲೆ ಬಿಲ್ಲೆಯಾಗಿ ಕಾಣುತ್ತೆ. ಇಲ್ಲಿ ಕೊಯ್ಯುವುದಿಲ್ಲ. ನೋವಿಲ್ಲ.

ಆ ಚಿತ್ರವನ್ನು ಓದಲು ಕಲಿತ ಡಾಕ್ಟರು ಇರುತ್ತಾರೆ. ಅವರಿಗೆ ರೇಡಿಯಾಲಜಿಸ್ಟ್ ಅನ್ನುತ್ತಾರೆ. ಚಿತ್ರದಲ್ಲಿ ಮೂಳೆ ಬಿಳಿ, ಗಾಳಿ ಕಪ್ಪು, ಮೆದುಳು ಬೂದು ಬಣ್ಣ. ಹೊಸದಾಗಿ ಹೆಪ್ಪುಗಟ್ಟಿದ ರಕ್ತವೂ ಬೆಳ್ಳಗೆ ಕಾಣುತ್ತೆ. ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ನಿಂತರೆ ಸಾಮಾನ್ಯವಾಗಿ ಇಡೀ ಮಸೂರ ಕಾಳಿನ ಆಕಾರ. ಆ ಪೊರೆಯ ಕೆಳಗೆ ನಿಂತರೆ ಕುಡುಗೋಲಿನ ಆಕಾರ. ಮೆದುಳಿನ ನಡುಗೆರೆ ಒಂದು ಪಕ್ಕಕ್ಕೆ ಸರಿದಿದ್ದರೆ ಒತ್ತಡ ಹೆಚ್ಚಾಗಿದೆ ಎಂದು ಅರ್ಥ. ಇದನ್ನೆಲ್ಲ ಅವರು ಆಪರೇಷನ್ ಮಾಡುವ ಡಾಕ್ಟರಿಗೆ ತಿಳಿಸುತ್ತಾರೆ. ಕೂಡಲೇ ಆಪರೇಷನ್ ಬೇಕೋ, ಎಲ್ಲಿ ತೆರೆಯಬೇಕು, ಕಾದು ನೋಡಬಹುದೋ ಎಂದು ಆಗ ತೀರ್ಮಾನ ಆಗುತ್ತೆ.

ನಿಮ್ಮ ಮಾತೂ ಚಿತ್ರ ಓದಲು ನೆರವಾಗುತ್ತೆ. ಯಾವಾಗ ಬಿದ್ದರು, ಯಾವ ಕಡೆ ಪೆಟ್ಟಾಯಿತು, ಪ್ರಜ್ಞೆ ತಪ್ಪಿತ್ತೇ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಾರೆಯೇ? ಎಲ್ಲವನ್ನೂ ಹೇಳಿ. ಗಾಯಾಳು ಬಸುರಿಯಾದರೆ ಅದನ್ನೂ ಹೇಳಿ.

ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸು, ತೊದಲು ಮಾತು ಇವೆಲ್ಲ ಅಪಾಯದ ಗುರುತು. ಕಾಯಬೇಡಿ. 108ಕ್ಕೆ ಫೋನು ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಸ್ಕ್ಯಾನ್ ಚೀಟಿ ಕೈಗೆ ಬಂದಾಗ ಹೆಸರು, ವಯಸ್ಸು, ತಾರೀಖು ಸರಿಯಾಗಿದೆಯೇ ಓದಿ ನೋಡಿ. ಈಗ ನಿಮಗೆ ಓದಲು ಬರುತ್ತೆ!

ಉತ್ತರ ಬರೆಯಿರಿ
1. ಹೊಸ ರಕ್ತ ಚಿತ್ರದಲ್ಲಿ ಯಾವ ಬಣ್ಣ?
2. ಅಪಾಯದ ಮೂರು ಗುರುತು ಯಾವುವು?
3. ಡಾಕ್ಟರಿಗೆ ನೀವು ಏನೇನು ಹೇಳಬೇಕು?